ಓದುಗನ ಋಣ

ಓದಿನ ಗೀಳು ಹತ್ತಿದವನನ್ನು ಗುರುತಿಸುವುದು ಕಷ್ಟವಲ್ಲ. ಯಾರ ಮನೆಗೆ ಹೋದರೂ ಅವನ ಕಣ್ಣು ಮೊದಲು ಬೀಳುವುದು ಪುಸ್ತಕದ ಕಪಾಟಿನ ಮೇಲೆ. ಮನೆಯವರ ಯೋಗಕ್ಷೇಮದ ವಿಚಾರಣೆ ಅನಂತರ. ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ, ಅದರಲ್ಲಿ ಅರ್ಧಕ್ಕೆ ಹರಿದುಹೋದ ಕಥೆಯನ್ನು ಓದಿ, ಉಳಿದರ್ಧಕ್ಕಾಗಿ ಹಂಬಲಿಸುತ್ತಾನೆ. ನಾನೂ ಆ ಜಾತಿಗೆ ಸೇರಿದವನೇ. ಆದ್ದರಿಂದ ಇಲ್ಲಿ ಹೇಳಹೊರಟದ್ದು ಅರ್ಧ ವಿವರಣೆ, ಅರ್ಧ ತಪ್ಪೊಪ್ಪಿಗೆ.

ಓದು ಒಂದೇ ಬಗೆಯದಲ್ಲ. ಕಾದಂಬರಿಯನ್ನು ಓದುವಾಗ ನಾವು ಹೊಳೆಗೆ ಬಿದ್ದವರಂತೆ ಸಾಗುತ್ತೇವೆ. ದಡ ಸೇರುವವರೆಗೆ ಊಟವೂ ಬೇಡ, ನಿದ್ರೆಯೂ ಬೇಡ. ಹಳಗನ್ನಡದ ಪದ್ಯ ಹಾಗಲ್ಲ. ಸಂಧಿ ಬಿಡಿಸಬೇಕು, ಅನ್ವಯ ಹೊಂದಿಸಬೇಕು, ತಿಳಿಯದ ಮಾತಿಗೆ ನಿಘಂಟಿನ ಬಾಗಿಲು ತಟ್ಟಬೇಕು. ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಒಂದು ಪದದ ಅರ್ಥಕ್ಕೆಂದು ಅದನ್ನು ತೆರೆದರೆ ಪಕ್ಕದ ಪದ ಕರೆಯುತ್ತದೆ, ಅದರ ಕೆಳಗಿನ ಗಾದೆ ಕೈಹಿಡಿದು ನಿಲ್ಲಿಸುತ್ತದೆ. ಗಂಟೆ ಕಳೆದ ಮೇಲೆ ಹುಡುಕಲು ಬಂದದ್ದು ಏನೆಂಬುದೇ ಮರೆತಿರುತ್ತದೆ. ಹೀಗೆ ದಾರಿ ತಪ್ಪಿದ್ದರಿಂದ ನನಗೆ ನಷ್ಟವಾದದ್ದು ನೆನಪಿಲ್ಲ.

ಪೆನ್ಸಿಲ್ ಇಲ್ಲದೆ ನಾನು ಓದಲಾರೆ. ಅಂಚಿನಲ್ಲಿ ಒಂದು ಸಣ್ಣ ಗೆರೆ. ಕೊನೆಯ ಖಾಲಿ ಹಾಳೆಯಲ್ಲಿ ಪುಟಸಂಖ್ಯೆ, ಅದರ ಮುಂದೆ ಎರಡು ಮಾತು. ಮುಗಿಸಿದ ದಿನದ ತಾರೀಖು. ವರ್ಷಗಳ ಬಳಿಕ ಅದೇ ಪುಸ್ತಕವನ್ನು ತೆರೆದಾಗ ಲೇಖಕರ ಜೊತೆಗೆ ನನ್ನ ಹಳೆಯ ನಾನೂ ಎದುರಾಗುತ್ತಾನೆ. ಇಷ್ಟು ಸಾಮಾನ್ಯವಾದ ಮಾತಿಗೆ ಏಕೆ ಗೆರೆ ಎಳೆದೆ, ಗೆರೆಯಿಲ್ಲದ ಈ ವಾಕ್ಯ ಅಂದು ಕಾಣಲೇ ಇಲ್ಲವೇ ಎಂದು ಆಶ್ಚರ್ಯವಾಗುತ್ತದೆ. ಪುಸ್ತಕ ಬದಲಾಗಿಲ್ಲ, ಓದುವವನು ಬದಲಾಗಿದ್ದಾನೆ. ಮರು ಓದಿನ ಪ್ರಯೋಜನ ಇದೇ.

ಇನ್ನು ತಪ್ಪೊಪ್ಪಿಗೆ. ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿನ ಸಣ್ಣ ವಾಚನಾಲಯದಿಂದ ಎರಡು ಸಂಪುಟಗಳ ಕಾದಂಬರಿಯೊಂದರ ಮೊದಲ ಸಂಪುಟವನ್ನು ತಂದಿದ್ದೆ. ಅಷ್ಟರಲ್ಲಿ ತಂದೆಯವರಿಗೆ ವರ್ಗವಾಯಿತು. ಸಾಮಾನು ಕಟ್ಟುವಾಗ ಪುಸ್ತಕ ಕಣ್ಣಿಗೆ ಬಿತ್ತು. ಹಿಂದಿರುಗಿಸಲು ಒಂದು ಸಂಜೆ ಸಾಕಿತ್ತು. ನಾನು ಅದನ್ನು ಟ್ರಂಕಿನ ಅಡಿಯಲ್ಲಿಟ್ಟೆ. ಪ್ರೀತಿಸುವವನ ಕೈಯಲ್ಲಿರುವುದೇ ನ್ಯಾಯವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಇಪ್ಪತ್ತೆರಡು ವರ್ಷಗಳ ಮೇಲೆ ಪುಸ್ತಕವನ್ನು ಹಿಡಿದು ಆ ಊರಿಗೆ ಹೋದೆ. ಅಂದಿನ ಗ್ರಂಥಪಾಲಕರು ತೀರಿಕೊಂಡಿದ್ದರು. ಈಗಿನವರು ಹಳೆಯ ದಾಖಲೆ ಪುಸ್ತಕ ತೆಗೆದು ತೋರಿಸಿದರು. ಆ ಸಂಖ್ಯೆಯ ಎದುರಿಗೆ ಕೆಂಪು ಶಾಯಿಯಲ್ಲಿ, ಪುಸ್ತಕ ಕಳೆದಿದೆ, ಬೆಲೆ ಸಂಬಳದಲ್ಲಿ ಮುರಿದುಕೊಂಡಿದೆ ಎಂಬ ಒಕ್ಕಣೆ. ಕೆಳಗೆ ಅವರದೇ ರುಜು. ಕಪಾಟಿನಲ್ಲಿ ಎರಡನೆಯ ಸಂಪುಟ ಒಂಟಿಯಾಗಿ ನಿಂತಿತ್ತು. ಅದರ ದಿನಾಂಕದ ಚೀಟಿಯಲ್ಲಿ ನಾನು ಊರು ಬಿಟ್ಟ ವರ್ಷದ ಈಚೆಗೆ ಒಂದು ಮುದ್ರೆಯೂ ಇರಲಿಲ್ಲ. ಮೊದಲ ಭಾಗವಿಲ್ಲದ ಕಥೆಯನ್ನು ಯಾರು ಒಯ್ದಾರು? ನಾನು ಒಂದು ಪುಸ್ತಕವನ್ನು ಕದ್ದು ಎರಡನ್ನು ಕೊಂದಿದ್ದೆ.

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳ ತಿರುಳು ನನಗೆ ಮನವರಿಕೆಯಾದದ್ದು ಆ ದಿನ. ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1972ರಲ್ಲಿ ಅಲ್ಲಿಯೇ ತೀರಿಕೊಂಡ ಆ ಮಹನೀಯರು ಗ್ರಂಥಗಳಿರುವುದು ಬಳಕೆಗಾಗಿ ಎಂದು ಬಗೆದವರು. ಓದುಗನಿಗೆ ಪುಸ್ತಕ ಸಿಗಬೇಕಾದಂತೆ ಪುಸ್ತಕಕ್ಕೂ ಓದುಗ ಸಿಗಬೇಕೆಂದು ವಾದಿಸಿದವರು. ನಮ್ಮಲ್ಲಿ ಈ ಕೆಲಸ ಸುಲಭವಾಗಿ ನಡೆದದ್ದಲ್ಲ. ಗಳಗನಾಥರು ಪುಸ್ತಕಗಳನ್ನು ಹೊತ್ತು ಊರೂರು ಅಲೆದು ಮಾರಿದರು. ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ, ಚಂದಾದಾರರನ್ನು ಕೂಡಿಸಿ ಮನೆಮನೆಗೆ ಪುಸ್ತಕ ಮುಟ್ಟಿಸಿದರು. ಇಂಥವರ ಬೆವರಿನಿಂದ ಕೈಸೇರಿದ್ದನ್ನು ಬೀಗ ಹಾಕಿ ಇಡುವುದು ಪ್ರೀತಿಯಲ್ಲ, ಲೋಭ.

ಬೀಗ ಹಾಕಿದರೂ ಪುಸ್ತಕ ಉಳಿಯುವುದಿಲ್ಲ. ಮರದ ತಿರುಳಿನ ಅಗ್ಗದ ಕಾಗದದಲ್ಲಿ, ಶಾಯಿ ಹರಡದಿರಲೆಂದು ಬೆರೆಸಿದ ಪಟಿಕದಿಂದಾಗಿ, ಆಮ್ಲದ ಅಂಶ ಉಳಿದಿರುತ್ತದೆ. ಅದು ಒಳಗಿನಿಂದಲೇ ನಾರನ್ನು ತಿನ್ನುತ್ತದೆ. ಹಾಳೆ ಹಳದಿಯಾಗಿ, ಕೊನೆಗೆ ಮಡಿಸಿದಲ್ಲಿ ಹಪ್ಪಳದಂತೆ ಮುರಿಯುತ್ತದೆ. ನುಸಿಗುಳಿಗೆಯೂ ಬೇವಿನೆಲೆಯೂ ಹುಳುವನ್ನು ದೂರವಿಟ್ಟಾವು, ಇದನ್ನು ತಡೆಯಲಾರವು. ಪುಸ್ತಕಕ್ಕೆ ಆಯುಸ್ಸು ಇರುವಾಗಲೇ ಅದು ನಾಲ್ವರ ಕೈ ದಾಟಬೇಕು.

ಈಗ ನನ್ನ ಕಪಾಟಿಗೆ ಬೀಗವಿಲ್ಲ. ಪಕ್ಕದಲ್ಲಿ ಒಂದು ನೋಟುಬುಕ್ಕಿದೆ. ಒಯ್ಯುವವರು ಹೆಸರು ಬರೆದು ಒಯ್ಯುತ್ತಾರೆ. ಕೆಲವು ಹಿಂದಿರುಗುವುದಿಲ್ಲ. ಆಗ ನೋವಾಗುತ್ತದೆ, ಆದರೆ ದೂರುವ ಅಧಿಕಾರ ನನಗಿಲ್ಲ.

ಅಂದು ವಾಚನಾಲಯದಲ್ಲಿ ಪುಸ್ತಕದ ಬೆಲೆಯನ್ನೂ ದಂಡವನ್ನೂ ಕಟ್ಟಿದೆ. ಅದು ಸಲ್ಲಬೇಕಾದವರಿಗೆ ಸಲ್ಲಲಿಲ್ಲವೆಂಬುದು ನನಗೆ ಗೊತ್ತು. ಬಳಿಕ ಠೇವಣಿ ಇಟ್ಟು ಎರಡನೆಯ ಸಂಪುಟವನ್ನು ತಂದು ಓದಿದೆ. ಕಥೆಯ ಕೊನೆ ಅಷ್ಟೇನೂ ಚೆನ್ನಾಗಿರಲಿಲ್ಲ. ಹದಿನಾಲ್ಕನೆಯ ದಿನಕ್ಕೆ ಸರಿಯಾಗಿ ಹಿಂದಿರುಗಿಸಿದೆ.