ಬೇರೆಯವರ ಫೋಟೊದೊಳಗೆ ಹೊಕ್ಕ ಪುಷ್ಪಮಾಲಾ

ಮಳೆ ಹಿಡಿದು ಕೆರೆ ತುಂಬಿತೆಂದರೆ ಸೊರಬ ತಾಲ್ಲೂಕಿನ ಗುಡವಿಗೆ ಉದ್ದುದ್ದ ಲೆನ್ಸ್ ಹೊತ್ತವರು ಬರತೊಡಗುತ್ತಾರೆ. ನೀರಲ್ಲಿ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವ ಕಾಲವದು. ಕಾದು ಕೂತು ಫೋಟೊ ತೆಗೆದವರು ಅದರಡಿ ಹಕ್ಕಿಯ ಹೆಸರು ಬರೆದಿಡುತ್ತಾರೆ. ಹಕ್ಕಿಯ ಗುರುತಿಗೆ ಅದು ಬೇಕು. ಆದರೆ ಬ್ರಿಟಿಷರು ಇದೇ ಕ್ರಮವನ್ನು ಮನುಷ್ಯರಿಗೂ ಹಚ್ಚಿದರು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯಾ’ ತೆರೆದರೆ ನಮ್ಮವರ ಫೋಟೊಗಳಿವೆ. ಜೊತೆಗೆ ಜಾತಿ, ಬುಡಕಟ್ಟಿನ ಹೆಸರು, ಈ ಜನ ಇಂಥವರು ಎಂಬ ಷರಾ.

ಆ ಷರಾಕ್ಕೆ ಕ್ಯಾಮೆರಾದಿಂದಲೇ ಉತ್ತರ ಕೊಟ್ಟವರು ಬೆಂಗಳೂರಿನ ಎನ್. ಪುಷ್ಪಮಾಲಾ.

1956ರಲ್ಲಿ ಹುಟ್ಟಿದ ಅವರು ಬರೋಡಾದಲ್ಲಿ ಶಿಲ್ಪಕಲೆ ಕಲಿತವರು. ಫೋಟೊ ಕಡೆ ಹೊರಳಿದ್ದು ತೊಂಬತ್ತರ ದಶಕದ ನಡುವೆ. ‘ಫ್ಯಾಂಟಮ್ ಲೇಡಿ ಆರ್ ಕಿಸ್ಮತ್’ (1996–98) ಸರಣಿಯಲ್ಲಿ ಮುಂಬೈನ ರಾತ್ರಿಯ ಬೀದಿಗಳಲ್ಲಿ ಮುಖವಾಡ ತೊಟ್ಟ ಸಾಹಸಿಯಾಗಿ ಅವರೇ ಕಾಣಿಸಿಕೊಂಡರು. ‘ಹಂಟರ್‌ವಾಲಿ’ ಸಿನಿಮಾದ ನಾಡಿಯಾಳ ನೆನಪು ಅದರಲ್ಲಿದೆ. ಆಮೇಲೆ, ಹಿಂದಿ ತಾರೆಯರ ಫೋಟೊ ತೆಗೆದು ಹೆಸರಾಗಿದ್ದ ಜೆ.ಎಚ್. ಠಕ್ಕರ್ ಅವರ ಸ್ಟುಡಿಯೊದಲ್ಲಿ, ಅವರ ಕೈಯಲ್ಲೇ, ಹಳೆಯ ಕಾಲದ ನಾಯಕಿಯಂತೆ ಚಿತ್ರ ತೆಗೆಸಿಕೊಂಡರು. ಶಟರ್ ಒತ್ತುವವರು ಬೇರೆಯವರಾದರೂ ವೇಷ, ಭಂಗಿ, ಕಲ್ಪನೆ ಎಲ್ಲ ಪುಷ್ಪಮಾಲಾರದು.

ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’ (2000–2004). ಬೆಂಗಳೂರಿನ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ್ದು. ಹೆಸರೇ ಹಳೆಯ ಬ್ರಿಟಿಷ್ ಪುಸ್ತಕದ ಧಾಟಿಯಲ್ಲಿದೆ. ರವಿವರ್ಮನ ಲಕ್ಷ್ಮಿ, ಅವನದೇ ಬೆಳದಿಂಗಳ ಹೆಣ್ಣು, ಬಿಜಾಪುರದ ಹಳೆಯ ಚಿತ್ರದ ಯೋಗಿನಿ, ವೇಲಾಂಕಣಿ ಮಾತೆ, ಪತ್ರಿಕೆಯಲ್ಲಿ ಬಂದ ಪೊಲೀಸ್ ಫೋಟೊದ ಆರೋಪಿ ಹೆಂಗಸರು, ಹೀಗೆ ನಾವು ಈಗಾಗಲೇ ನೋಡಿ ರೂಢಿಯಾದ ಚಿತ್ರಗಳನ್ನೇ ಅವರು ಮತ್ತೆ ಕಟ್ಟಿದರು. ಪ್ರತಿಯೊಂದರಲ್ಲೂ ಹೆಂಗಸಿನ ಜಾಗದಲ್ಲಿ ತಾವೇ ನಿಂತರು.

ಇವುಗಳಲ್ಲಿ ತೋಡ ಬುಡಕಟ್ಟಿನ ಹೆಂಗಸಿನ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಹಿಂದೆ ಕಪ್ಪು-ಬಿಳಿ ಚೌಕುಳಿಯ ಪರದೆ. ಮೈಯ ಅಳತೆ ಸುಲಭವಾಗಿ ಸಿಗಲೆಂದು ಹತ್ತೊಂಬತ್ತನೇ ಶತಮಾನದ ಮಾನವಶಾಸ್ತ್ರದವರು ಬುಡಕಟ್ಟಿನವರನ್ನು ಇಂಥ ಚೌಕಗಳ ಮುಂದೆ ನಿಲ್ಲಿಸುತ್ತಿದ್ದರು. ಆಗ ನಿಂತವರನ್ನು ಒಪ್ಪಿಗೆ ಕೇಳಿದವರು ಯಾರು? ಈಗ ನಿಂತವಳು ತಾನಾಗಿ ಬಂದು ನಿಂತ ಕಲಾವಿದೆ. ಆ ಒಂದೇ ವ್ಯತ್ಯಾಸದಿಂದ ಅಳೆಯುವವನ ಕ್ರೌರ್ಯ ಕಣ್ಣಿಗೆ ರಾಚುತ್ತದೆ.

ಅಚ್ಚುಕಟ್ಟಾದ ನಕಲು ಅವರಿಗೆ ಬೇಕಿರಲಿಲ್ಲ. ಇದು ಬಣ್ಣ ಬಳಿದ ಪರದೆ, ಇದು ಬಾಡಿಗೆ ವೇಷ ಎಂದು ಚಿತ್ರವೇ ಹೇಳುತ್ತದೆ. ಚಿತ್ರ ತಯಾರಾದ ಬಗೆಯನ್ನು ತೋರಿಸುವ ಫೋಟೊಗಳೂ ಸರಣಿಯ ಭಾಗವೇ. ಇದನ್ನು ವೇಷ ಹಾಕುವ ಆಟ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ. ಫೋಟೊ ಎಂದರೆ ಸಾಕ್ಷಿ ಎಂಬ ನಮ್ಮ ನಂಬಿಕೆಯನ್ನೇ ಅದು ಅಲುಗಾಡಿಸುತ್ತದೆ.

ಮುಂದೆ ‘ಮದರ್ ಇಂಡಿಯಾ’ ಸರಣಿಯಲ್ಲಿ ಭಾರತಮಾತೆಯ ಕ್ಯಾಲೆಂಡರ್ ಚಿತ್ರಗಳನ್ನು ಕೈಗೆತ್ತಿಕೊಂಡರು. 2019ರ ಚೆನ್ನೈ ಫೋಟೊ ಬಿಯೆನಾಲೆಗೆ ಕಲಾ ನಿರ್ದೇಶಕಿಯಾಗಿದ್ದರು. ಹೊರದೇಶಗಳ ಗ್ಯಾಲರಿಗಳಲ್ಲಿ ಪ್ರದರ್ಶನಗೊಂಡ ಈ ಚಿತ್ರಗಳು ಶಿವಮೊಗ್ಗದಂಥ ಊರುಗಳಿಗೂ ಬರಬೇಕು. ಕ್ಯಾಮೆರಾ ಹೆಗಲಿಗೇರಿಸಿ ಜಾತ್ರೆಗೆ, ಹಾಡಿಗಳಿಗೆ ಹೊರಡುವ ನಮ್ಮ ಹುಡುಗ ಹುಡುಗಿಯರು ಮೊದಲು ಇವನ್ನು ನೋಡಲಿ.