ರಾಣಿಜೇನಿನ ಹಿಂದೆ ಬಿದ್ದ ವಿಶ್ವವಿದ್ಯಾನಿಲಯ

ಹಸುವಿಗೆ ಒಳ್ಳೆಯ ತಳಿಯ ಹೋರಿಯನ್ನು ನಾವೇ ಆರಿಸುತ್ತೇವೆ. ರಾಣಿಜೇನಿನ ವಿಷಯದಲ್ಲಿ ಅದು ಬಹುಕಾಲ ಸಾಧ್ಯವಾಗಲಿಲ್ಲ. ರಾಣಿಯು ಹಾರುತ್ತಲೇ ಹಲವು ಗಂಡುನೊಣಗಳೊಡನೆ ಕೂಡುವುದರಿಂದ, ತಂದೆ ಯಾವುದೆಂದು ಹೇಳುವವರಾರು? ಕೃತಕ ಗರ್ಭಧಾರಣೆಗೆ ಯತ್ನಿಸಿದವರು ಅನೇಕರು. ಫಲ ಮಾತ್ರ ಅಷ್ಟಕ್ಕಷ್ಟೆ. ರಾಣಿಯ ಜನನಮಾರ್ಗದಲ್ಲಿ ಅಡ್ಡವಾಗಿರುವ ಸಣ್ಣ ಮಡಿಕೆಯೊಂದನ್ನು ಸರಿಸಿದರೆ ಕೆಲಸ ಕೈಗೂಡುತ್ತದೆಂದು 1944ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಹ್ಯಾರಿ ಲೈಡ್‌ಲಾ.

1947ರಲ್ಲಿ ಅವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್‌ಗೆ ಬಂದರು. ಅಲ್ಲಿ 1969ರಲ್ಲಿ ಎದ್ದ ಜೇನು ಸಂಶೋಧನಾಲಯಕ್ಕೆ ಮುಂದೆ ಅವರದೇ ಹೆಸರಾಯಿತು. 1974ರಲ್ಲಿ ನಿವೃತ್ತರಾದರೂ ಕೆಲಸ ಬಿಡಲಿಲ್ಲ. ರಾಬರ್ಟ್ ಪೇಜ್ ಜೊತೆ ರಾಣಿ ಸಾಕಣೆಯ ಪುಸ್ತಕ ತಂದದ್ದು 1997ರಲ್ಲಿ, ತೊಂಬತ್ತರ ಪ್ರಾಯದಲ್ಲಿ!

ಡೇವಿಸ್‌ನ ಜೇನು ನಮ್ಮ ತುಡುವೆಯಲ್ಲ, ನಿಜ. ಆದರೆ ನಮ್ಮ ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟದು. ಗಾಳಿಯೋ ಜೇನೋ ಬೇರೆ ಗಿಡದ್ದನ್ನು ತರಬೇಕು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗವು ನಮ್ಮಲ್ಲಿ ಪೆಟ್ಟಿಗೆಗಳನ್ನೇ ಬರಿದು ಮಾಡಿತಷ್ಟೆ. ವೈರಸ್ ರೋಗವಾದ್ದರಿಂದ ಇದಕ್ಕೆ ಮದ್ದಿಲ್ಲ. ರೋಗ ತಡೆದು ನಿಂತ ಕುಟುಂಬಗಳಿಂದಲೇ ರಾಣಿ ಎಬ್ಬಿಸಿಕೊಳ್ಳಬೇಕು. ಅಂತಹ ಗಟ್ಟಿ ಕುಟುಂಬ ತಮ್ಮ ತೋಟದಲ್ಲಿದ್ದರೆ, ಎರಡು ಬಾಟಲಿ ತುಪ್ಪದಾಸೆಗೆ ಅದನ್ನು ಪೂರಾ ಹಿಂಡದೆ, ಮೊದಲು ಪಾಲು ಮಾಡಿ ಹೆಚ್ಚಿಸಿರಿ.