ಕೋವಿಗೆ ತಕ್ಕ ಕಾಳು

ಠಾಣೆಯಿಂದ ಕಲ್ಯಾಣಕ್ಕೆ ರೈಲು ಓಡತೊಡಗಿದ್ದು 1854ರ ಮೇ 1ರಂದು. ಆ ದಾರಿಗಾಗಿ ಮುಂಬ್ರಾದ ಬಳಿ ಬೆಟ್ಟ ಕೊರೆದು ಸುರಂಗ ಮಾಡಿದರು. ಆಗಿನ್ನೂ ಡೈನಮೈಟ್ ಬಂದಿರಲಿಲ್ಲ; ನೊಬೆಲ್ ಅದಕ್ಕೆ ಪೇಟೆಂಟ್ ಪಡೆದದ್ದು 1867ರಲ್ಲಿ. ಅದಕ್ಕೆ ಮುಂಚೆ ಬಂಡೆ ಸಿಡಿಸುವವರ ಕೈಯಲ್ಲಿದ್ದದ್ದು ಪೆಟ್ಲುಪ್ಪು, ಇದ್ದಿಲು, ಗಂಧಕ ಬೆರೆತ ಕರಿಮದ್ದು. ಕೋವಿಗೆ ಹಾಕುತ್ತಿದ್ದದ್ದೂ ಅದನ್ನೇ. ಬಂಡೆಯ ಮದ್ದಿಗೂ ಕೋವಿಯ ಮದ್ದಿಗೂ ಇದ್ದ ಒಂದು ವ್ಯತ್ಯಾಸ ಕಾಳಿನ ಗಾತ್ರದ್ದು. ಬಾಯಿಂದ ಮದ್ದು ತುಂಬುವ ಕೋವಿಯ ಗುರಿಯೂ ಅದನ್ನು ಹಿಡಿದವರ ಕ್ಷೇಮವೂ ಇಂದಿಗೂ ಆ ಕಾಳಿನ ಮೇಲೇ ನಿಂತಿವೆ.

ಬಂಡೆಯ ಕೆಲಸ ಡೈನಮೈಟಿಗೆ ಹೋಯಿತು. ಕೋವಿ ಮಾತ್ರ ಮಲೆನಾಡಿನ, ಕೊಡಗಿನ ಮನೆಗಳಲ್ಲಿ ಉಳಿಯಿತು. ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ಸಂಪ್ರದಾಯ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಾರೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದಿರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದೆ. ಉಳಿದ ಕಡೆ ರೈತರು ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದು ಇಟ್ಟುಕೊಂಡಿರುವುದು ಹೆಚ್ಚಾಗಿ ಒಂಟಿ ನಳಿಗೆಯ ಕೇಪಿನ ಕೋವಿ. ಲೈಸೆನ್ಸಿನ ಭಾಷೆಯಲ್ಲಿ ಅದು ಎಸ್‌ಬಿಎಂಎಲ್, ಅಂದರೆ ಬಾಯಿಂದ ಮದ್ದು ತುಂಬುವ ಒಂಟಿ ನಳಿಗೆಯ ಕೋವಿ.

ತೋಟಾ ಕೋವಿಯವನು ಕಾರ್ಖಾನೆ ಅಳೆದು ಕಟ್ಟಿದ ತೋಟಾ ಕೊಳ್ಳುತ್ತಾನೆ. ಕೇಪಿನ ಕೋವಿಯವನಿಗೆ ಆ ಅನುಕೂಲವಿಲ್ಲ. ಮದ್ದು ಸುರಿದು, ಮೇಲೆ ಗುಂಡನ್ನೋ ಚರೆಯನ್ನೋ ಇಳಿಸಿ, ಗಜದಿಂದ ಒತ್ತಿ, ಕೊನೆಗೆ ಕೇಪು ಇಡುವ ಅವನು ಪ್ರತಿ ಈಡಿಗೂ ತಾನೇ ತೋಟಾ ಕಟ್ಟುತ್ತಿರುತ್ತಾನೆ. ಯಾವ ಮದ್ದು, ಎಷ್ಟು ಮದ್ದು ಎಂಬ ತೀರ್ಮಾನವೂ ಅವನದೇ.

ಕರಿಮದ್ದು ಉರಿಯುವುದು ಕಾಳಿನ ಮೈಮೇಲಿಂದ ಒಳಕ್ಕೆ. ಕಾಳು ಸಣ್ಣದಾದಷ್ಟೂ ಬೆಂಕಿಗೆ ಸಿಗುವ ಮೈ ಹೆಚ್ಚು, ಉರಿ ಬಿರುಸು, ನಳಿಗೆಯೊಳಗೆ ಒತ್ತಡವೂ ಜಾಸ್ತಿ. ಹೊರದೇಶದ ಡಬ್ಬಿಗಳ ಮೇಲೆ ಈ ಗಾತ್ರವನ್ನು ಎಫ್ ಅಕ್ಷರದಲ್ಲಿ ಸೂಚಿಸುತ್ತಾರೆ. ಎಫ್ ಹೆಚ್ಚಿದಷ್ಟೂ ಕಾಳು ಸಣ್ಣ. ಒಂದು ಎಫ್ ಫಿರಂಗಿಗೆ ಮತ್ತು ಬಲು ದಪ್ಪ ನಳಿಗೆಗೆ. ಎರಡು ಎಫ್ ಅರ್ಧ ಅಂಗುಲ ಅಥವಾ ಅದಕ್ಕಿಂತ ಅಗಲದ ರೈಫಲ್‌ಗೆ, ಚರೆ ಹೊಡೆಯುವ ಕೋವಿಗೆ. ಮೂರು ಎಫ್ ಕಿರಿದಾದ ರೈಫಲ್‌ಗೆ, ಪಿಸ್ತೂಲಿಗೆ. ನಾಲ್ಕು ಎಫ್ ಚಕಮಕಿ ಕೋವಿಯ ಕಿವಿಗೆ ಹಾಕುವ ಚಿಟಿಕೆ ಮದ್ದಿಗೆ ಮಾತ್ರ. ದಪ್ಪ ಕಾಳಿನ ಜಾಗಕ್ಕೆ ಅಷ್ಟೇ ಅಳತೆಯ ಸಣ್ಣ ಕಾಳು ಹಾಕಿದರೆ ಒತ್ತಡ ಏರುತ್ತದೆ.

ಗುರಿ ನಿಲ್ಲಲು ಬೇಕಾದದ್ದು ಹೆಚ್ಚು ಮದ್ದಲ್ಲ, ಪ್ರತಿ ಸಲವೂ ಒಂದೇ ಅಳತೆಯ ಮದ್ದು. ಕರಿಮದ್ದನ್ನು ಪಾವಿನಲ್ಲಿ ಅಕ್ಕಿ ಅಳೆದಂತೆ ಗಾತ್ರದಿಂದ ಅಳೆಯುತ್ತಾರೆ. ಕೋವಿ ತಯಾರಕರು ಹೇಳಿದ ಕನಿಷ್ಠ ಅಳತೆಯಿಂದ ಶುರುಮಾಡಿ, ಗುಂಡುಗಳು ಒಂದೆಡೆ ಗುಂಪಾಗಿ ಬೀಳುವವರೆಗೆ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಅವರ ಗರಿಷ್ಠ ಮಿತಿಯನ್ನು ಎಂದೂ ದಾಟಬಾರದು. ಈಡಿನಿಂದ ಈಡಿಗೆ ನಳಿಗೆಯಲ್ಲಿ ಮಸಿ ಕಟ್ಟುತ್ತದೆ. ನಡುನಡುವೆ ಒದ್ದೆ ಬಟ್ಟೆಯಿಂದ ಒರೆಸದಿದ್ದರೆ ಗುಂಡು ಪೂರ್ತಿ ಇಳಿಯುವುದಿಲ್ಲ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಸೀಳಲೂಬಹುದು. ಗಜದ ಮೇಲೆ ಗುರುತು ಹಾಕಿಕೊಂಡರೆ ಗುಂಡು ಕೂತಿದೆಯೋ ಇಲ್ಲವೋ ತಿಳಿಯುತ್ತದೆ.

ಎಲ್ಲಕ್ಕಿಂತ ಕಟುವಾದ ನಿಯಮ ಇನ್ನೊಂದಿದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ರೂಪಿಸಿದ ಹೊಗೆಯಿಲ್ಲದ ಮದ್ದಿನ ವಂಶವೇ ಇಂದಿನ ತೋಟಾಗಳೊಳಗೆ ಇರುವುದು. ಅದರ ಶಕ್ತಿಯೇ ಬೇರೆ. ತೋಟಾ ಬಿಚ್ಚಿ ಆ ಮದ್ದನ್ನು ಕೇಪಿನ ಕೋವಿಗೆ ಸುರಿದರೆ ನಳಿಗೆ ಹಿಡಿದವರ ಮುಖದ ಬಳಿಯೇ ಒಡೆಯಬಹುದು. ಪೈರೋಡೆಕ್ಸ್‌ನಂಥ ಬದಲಿ ಮದ್ದುಗಳು ಬಾಯಿಂದ ತುಂಬುವ ಕೋವಿಗೆಂದೇ ತಯಾರಾದವು. ಆದರೆ ಅವುಗಳನ್ನೂ ತೂಕದಿಂದಲ್ಲ, ಗಾತ್ರದಿಂದಲೇ ಅಳೆಯಬೇಕು. ಅಂಥದೇ ಇನ್ನೊಂದು ಬದಲಿ ಮದ್ದಾದ ಟ್ರಿಪಲ್ ಸೆವೆನ್ ಇನ್ನೂ ಜೋರಿನದು, ಅಳತೆ ಇಳಿಸಬೇಕು.

ಮದ್ದಿನ ಬುರುಡೆಯಿಂದ ನೇರ ನಳಿಗೆಗೆ ಸುರಿಯಬಾರದು. ಒಳಗೆ ಕಿಡಿ ಉಳಿದಿದ್ದರೆ ಬುರುಡೆಯೇ ಸಿಡಿಯುತ್ತದೆ. ಬೇರೆ ಅಳತೆಗೆ ಹಾಕಿಕೊಂಡೇ ಸುರಿಯಬೇಕು. ಕೇಪು ಸಿಡಿದೂ ಈಡು ಹಾರದಿದ್ದರೆ ಬಾಯಿಯನ್ನು ಗುರಿಯತ್ತಲೇ ಹಿಡಿದು ಒಂದು ನಿಮಿಷವಾದರೂ ಕಾಯಬೇಕು. ಉಳಿದ ಮಸಿ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಮಲೆನಾಡಿನಲ್ಲಂತೂ ಅಂದೇ ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರಿಡಬೇಕು.

ಮನೆಯಲ್ಲಿ ಅರೆದ ಮದ್ದಿಗೆ ಕಾಳಿನ ಗಾತ್ರವೂ ಇಲ್ಲ, ಜೋರಿನ ಭರವಸೆಯೂ ಇಲ್ಲ. ಅರೆಯುವಾಗಲೇ ಹೊತ್ತಿಕೊಳ್ಳುವ ಅಪಾಯ ಬೇರೆ. ಸ್ಫೋಟಕ ಕಾಯ್ದೆಯ ಪ್ರಕಾರ ಅದು ಅಪರಾಧವೂ ಹೌದು. ಲೈಸೆನ್ಸ್ ಇರುವ ಅಂಗಡಿಯಿಂದ, ಗಾತ್ರ ನಮೂದಿಸಿದ ಡಬ್ಬಿಯಲ್ಲೇ ಕೊಳ್ಳಿ. ಡಬ್ಬಿಯ ಮೇಲೆ ಏನೂ ಬರೆದಿಲ್ಲದ, ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿಲ್ಲದ ಕಪ್ಪು ಪುಡಿ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕರೂ ಅದನ್ನು ಕೋವಿಗೆ ಹಾಕಬೇಡಿ.